ನಲ್ಲಿಯಿಂದ ನಲ್ಲಿಗೆ ಎಷ್ಟು ದೂರ? ಯೂಟಾದ ಕಮರಿ ಸೀಮೆಯಲ್ಲಿ ಸೈಕಲ್ ದಾರಿ ಆರಿಸುವ ಬಗೆ

ಅಮೆರಿಕದ ಯೂಟಾ ರಾಜ್ಯದ ದಕ್ಷಿಣದಲ್ಲಿ ಎರಡು ರಸ್ತೆಗಳಿವೆ. ಹೆದ್ದಾರಿ 12 ಪ್ಯಾಂಗ್ವಿಚ್ ಹತ್ತಿರ ಶುರುವಾಗಿ ಟೋರಿಯಲ್ಲಿ ಮುಗಿಯುತ್ತದೆ. ಹೆದ್ದಾರಿ 95 ಹ್ಯಾಂಕ್ಸ್‌ವಿಲ್‌ನಿಂದ ಬ್ಲಾಂಡಿಂಗ್ ಕಡೆಗೆ ಹೋಗುತ್ತದೆ. ಎರಡೂ ಹೆಚ್ಚುಕಡಿಮೆ 200 ಕಿಲೋಮೀಟರ್. ಎರಡೂ ಪೂರ್ತಿ ಡಾಂಬರು. ಎರಡರಲ್ಲೂ ಕೆಂಪು ಬಂಡೆ, ಆಳದ ಕಮರಿ, ಒಣ ಹಳ್ಳ. ಮೊದಲ ಸಲ ನಕ್ಷೆ ಹರಡಿಕೊಂಡು ಕೂತಾಗ ನಾನು 95 ಆರಿಸಿದ್ದೆ. ಏರು ಕಡಿಮೆ, ಗಾಡಿಗಳೂ ಕಡಿಮೆ, ಇನ್ನೇನು ಬೇಕು? ಆಗ ಜೊತೆಗೆ ಬರಬೇಕಿದ್ದ ಗೆಳೆಯ ಒಂದೇ ಪ್ರಶ್ನೆ ಕೇಳಿದ: "ಬಾಟಲಿ ಎಲ್ಲಿ ತುಂಬಿಸ್ತೀಯಾ?"

ನಕ್ಷೆಯನ್ನು ಮತ್ತೆ ನೋಡಿದೆ. 150 ಕಿಲೋಮೀಟರ್ ತನಕ ನಂಬಬಹುದಾದ ಒಂದು ನಲ್ಲಿಯೂ ಕಾಣಲಿಲ್ಲ.

ಅವತ್ತಿನಿಂದ ಈ ಸೀಮೆಯ ದಾರಿಗಳನ್ನು ನಾನು ಒಟ್ಟು ದೂರದಿಂದ ಅಳೆಯುವುದಿಲ್ಲ, ಏರಿನಿಂದಲೂ ಅಳೆಯುವುದಿಲ್ಲ. ಒಂದು ನಲ್ಲಿಯಿಂದ ಮುಂದಿನ ನಲ್ಲಿಗೆ ಎಷ್ಟು ದೂರ, ಅದರಲ್ಲಿ ಅತಿ ಉದ್ದದ ತುಂಡು ಯಾವುದು, ಅದನ್ನು ದಾಟಲು ಎಷ್ಟು ಗಂಟೆ ಬೇಕು ಎಂದು ಲೆಕ್ಕ ಹಾಕುತ್ತೇನೆ. ಮಿಕ್ಕ ತೀರ್ಮಾನಗಳೆಲ್ಲ ಅದರ ಹಿಂದೆಯೇ ಬರುತ್ತವೆ. ಇಲ್ಲಿ ಮೂರು ದಾರಿಗಳನ್ನು ಹೋಲಿಸಿದ್ದೇನೆ: 12, 95, ಮತ್ತು ಬೋಲ್ಡರ್ ಊರಿನಿಂದ ಹೊರಡುವ ಬರ್ ಟ್ರೇಲ್.

ಹೆದ್ದಾರಿ 12: ಏರು ಸುಸ್ತು ಮಾಡುತ್ತದೆ, ಊರುಗಳು ಕಾಪಾಡುತ್ತವೆ

ಈ ರಸ್ತೆಯ ಒಳ್ಳೆಯ ಗುಣವೆಂದರೆ ಮೈಲಿಗಲ್ಲುಗಳು. ಪಶ್ಚಿಮದ ತುದಿಯಲ್ಲಿ ಸೊನ್ನೆ, ಟೋರಿಯಲ್ಲಿ 123ರ ಸುಮಾರು. ಟ್ರಾಪಿಕ್ 21ರ ಹತ್ತಿರ, ಕ್ಯಾನನ್‌ವಿಲ್ 26, ಹೆನ್ರಿವಿಲ್ 29, ಎಸ್ಕಲಾಂಟೆ 60, ಬೋಲ್ಡರ್ 87. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್ ಪಕ್ಕ ಅಂಟಿಸಿಕೊಳ್ಳಿ. ಫೋನ್ ಸತ್ತರೂ ದಾರಿಬದಿಯ ಅಂಕಿ ಓದಿ ಮುಂದಿನ ಊರು ಎಷ್ಟು ದೂರ ಅಂತ ಹೇಳಬಹುದು. ಮೈಲಿಯನ್ನು 1.6ರಿಂದ ಗುಣಿಸಿದರೆ ಕಿಲೋಮೀಟರ್.

ಈ ಅಂಕಿಗಳಿಂದಲೇ ಒಣ ತುಂಡುಗಳೂ ಗೊತ್ತಾಗುತ್ತವೆ. ಹೆನ್ರಿವಿಲ್‌ನಿಂದ ಎಸ್ಕಲಾಂಟೆಗೆ 50 ಕಿ.ಮೀ., ಎಸ್ಕಲಾಂಟೆಯಿಂದ ಬೋಲ್ಡರ್‌ಗೆ 44, ಬೋಲ್ಡರ್‌ನಿಂದ ಟೋರಿಗೆ 58. ಅತಿ ಉದ್ದದ್ದು ಕೊನೆಯದು. ಅದರಲ್ಲೇ ಅತಿ ದೊಡ್ಡ ಏರೂ ಇದೆ. ಬೋಲ್ಡರ್ ಊರು ಸುಮಾರು 2,040 ಮೀಟರ್ ಎತ್ತರದಲ್ಲಿದೆ, ಬೋಲ್ಡರ್ ಮೌಂಟನ್ ನೆತ್ತಿ 2,900 ಮೀಟರ್ ದಾಟುತ್ತದೆ. ಬೆಟ್ಟ ಒಂದೇ ಸಮನೆ ಏರುವುದಿಲ್ಲ. ಏರಿಸಿ, ಇಳಿಸಿ, ಮತ್ತೆ ಏರಿಸುತ್ತದೆ. "ಇದೇ ನೆತ್ತಿ" ಅಂತ ಮೂರು ಸಲ ಮೋಸಹೋಗುವುದು ಗ್ಯಾರಂಟಿ.

ಗಂಟೆಗೆ 15 ಕಿ.ಮೀ. ಹಿಡಿದರೆ ಆ 58ಕ್ಕೆ ಸುಮಾರು ನಾಲ್ಕು ಗಂಟೆ. ಗಂಟೆಗೆ ಮುಕ್ಕಾಲು ಲೀಟರ್ ಅಂದರೆ ಮೂರು ಲೀಟರ್. ಎರಡು ದೊಡ್ಡ ಬಾಟಲಿ, ಬೆನ್ನಿನ ಚೀಲದಲ್ಲಿ ಇನ್ನೊಂದೂವರೆ ಲೀಟರ್ ಇದ್ದರೆ ಮುಗಿಯಿತು. ಅಂದರೆ ಕಾರಿನ ನೆರವಿಲ್ಲದೆ, ತನ್ನ ಸಾಮಾನು ತಾನೇ ಹೊತ್ತು ಹೋಗುವವರಿಗೂ ಈ ದಾರಿ ಸಾಧ್ಯ.

ಈ ರಸ್ತೆ ಹೆದರಿಸುವ ಜಾಗ ಬೇರೆ. ಎಸ್ಕಲಾಂಟೆ ದಾಟಿ ನದಿಗೆ ಇಳಿದು, ಕಾಫ್ ಕ್ರೀಕ್ ಪಕ್ಕದಿಂದ ಕಡಿದಾಗಿ ಏರಿದರೆ ಹಾಗ್‌ಬ್ಯಾಕ್ ಸಿಗುತ್ತದೆ. ಬಂಡೆಯ ದಿಂಡಿನ ಮೇಲೆ ರಸ್ತೆ ಹಾಸಿದ್ದಾರೆ. ಎರಡೂ ಕಡೆ ಪ್ರಪಾತ, ಪಕ್ಕದಲ್ಲಿ ತಡೆಗೋಡೆ ಇಲ್ಲದ ಜಾಗಗಳೂ ಇವೆ. ಬಿಳಿ ಗೆರೆಯ ಆಚೆ ಸೈಕಲ್‌ಗೆ ಅಂತ ಜಾಗವೇ ಇಲ್ಲ. ಹಿಂದಿನಿಂದ ಬಾಡಿಗೆಯ ಮೋಟಾರ್‌ಹೋಮ್ (ಮನೆಯಂತೆ ಉಳಿಯಬಹುದಾದ ದೊಡ್ಡ ಗಾಡಿ) ಬಂದರೆ ಅದರ ಅಗಲವಾದ ಕನ್ನಡಿ ನಿಮ್ಮ ಭುಜದ ಎತ್ತರಕ್ಕೆ ಇರುತ್ತದೆ. ಯೂಟಾದ ಕಾನೂನಿನಂತೆ ಸೈಕಲ್ ದಾಟುವ ಗಾಡಿ ಕನಿಷ್ಠ ಮೂರು ಅಡಿ ಬಿಡಬೇಕು. ಗಾಳಿ ಎದ್ದಾಗ ಮೂರು ಅಡಿ ಏನೂ ಅಲ್ಲ. ಹಾಗಾಗಿ ನಾನು ಎಸ್ಕಲಾಂಟೆಯಲ್ಲಿ ಉಳಿದು, ಬೆಳಕು ಹರಿಯುತ್ತಲೇ ಹೊರಟು, ಪ್ರವಾಸಿಗಳು ತಿಂಡಿ ಮುಗಿಸುವ ಮೊದಲೇ ಆ ದಿಂಡನ್ನು ದಾಟಿದೆ. ಎದುರಿಗೆ ಬಂದದ್ದು ಎರಡೇ ಗಾಡಿ. ನಡುರಸ್ತೆಯಲ್ಲಿ ನಿಂತು ಎರಡೂ ಕಡೆ ನೋಡುವಷ್ಟು ಪುರುಸೊತ್ತು ಸಿಕ್ಕಿತು.

ಬೋಲ್ಡರ್ ಬಗ್ಗೆ ಒಂದು ಮಾತು. ಕೊಲರಾಡೊ ರಾಜ್ಯದಲ್ಲೂ ಇದೇ ಹೆಸರಿನ ದೊಡ್ಡ ಊರಿದೆ. ರೂಮು ಕಾದಿರಿಸುವಾಗ ಯಾವ ಬೋಲ್ಡರ್ ಅಂತ ನೋಡಿಕೊಳ್ಳಿ. ಇದು ಪುಟ್ಟ ಊರು, ಹಿಂದೆ ಇಲ್ಲಿಗೆ ಟಪಾಲು ಹೇಸರಗತ್ತೆಯ ಮೇಲೆ ಬರುತ್ತಿತ್ತು. ಬೋಲ್ಡರ್‌ನಿಂದ ಟೋರಿಗೆ ಹೋಗುವ ಬೆಟ್ಟದ ರಸ್ತೆಗೆ ಪೂರ್ತಿ ಡಾಂಬರು ಬಿದ್ದದ್ದು 1985ರಲ್ಲಿ.

ಪಶ್ಚಿಮ ತುದಿಯಲ್ಲಿ ಒಂದು ಅನುಕೂಲವಿದೆ. ರೆಡ್ ಕ್ಯಾನಿಯನ್‌ನಿಂದ ಬ್ರೈಸ್ ಕ್ಯಾನಿಯನ್ ನ್ಯಾಷನಲ್ ಪಾರ್ಕ್ ಕಡೆಗೆ ಹೆದ್ದಾರಿಯಿಂದ ಬೇರೆಯಾದ ಡಾಂಬರಿನ ಸೈಕಲ್ ದಾರಿ ಇದೆ. ಸಮುದ್ರಮಟ್ಟದಿಂದ ಬಂದವರು ಮೊದಲ ದಿನ ಅಲ್ಲಿ ಸುಮ್ನೆ ಓಡಾಡಿ. ಬ್ರೈಸ್ ಅಂಚು 2,400 ಮೀಟರ್ ಎತ್ತರದಲ್ಲಿದೆ, ಉಸಿರು ಹೊಂದಿಕೊಳ್ಳಲು ಒಂದು ದಿನವಾದರೂ ಬೇಕು.

ಹೆದ್ದಾರಿ 95: ಏರು ಮೆಲ್ಲಗೆ, ಆದರೆ ಯಾರೂ ಇಲ್ಲ

ಇದು ಪೂರ್ತಿ ಡಾಂಬರು ಕಂಡದ್ದು 1976ರಲ್ಲಿ, ಅಮೆರಿಕದ ಇನ್ನೂರನೇ ವರ್ಷಕ್ಕೆ. ಹಾಗಾಗಿ ಬೈಸೆಂಟೆನಿಯಲ್ ಹೈವೇ ಎಂದೂ ಹೆಸರು. ಹ್ಯಾಂಕ್ಸ್‌ವಿಲ್ 1,300 ಮೀಟರ್‌ನಲ್ಲಿದೆ. ಅಲ್ಲಿಂದ ಬಯಲಿನಲ್ಲಿ ನಿಧಾನಕ್ಕೆ ಏರು. 26ನೇ ಮೈಲಿಯಲ್ಲಿ ಬುಲ್‌ಫ್ರಾಗ್ ಕಡೆಯ ರಸ್ತೆ ಕವಲೊಡೆಯುತ್ತದೆ. ನಂತರ ನಾರ್ತ್ ವಾಶ್ ಎಂಬ ಕಮರಿಯೊಳಗೆ ಇಳಿತ. ಗೋಡೆಗಳ ನಡುವೆ ಪೆಡಲ್ ತುಳಿಯದೆಯೇ ಸಾಗುತ್ತೀರಿ. ಡರ್ಟಿ ಡೆವಿಲ್ ಸೇತುವೆ, ಆಮೇಲೆ ಹೈಟ್ ಎಂಬ ಜಾಗದ ಹತ್ತಿರ ಕೊಲರಾಡೊ ನದಿಯ ಕಮಾನು ಸೇತುವೆ. ಅಲ್ಲಿಯವರೆಗೆ 80 ಕಿ.ಮೀ., ಬೆಳಗಿನ ತಂಪು, ಖುಷಿಯೋ ಖುಷಿ.

ಸಮಸ್ಯೆ ಶುರುವಾಗುವುದೇ ಆ ಸೇತುವೆಯಲ್ಲಿ. ದಾರಿಯ ಅತಿ ತಗ್ಗು ಜಾಗ ಅದು, ಅತಿ ಬಿಸಿ ಜಾಗವೂ ಅದೇ. ನೀವು ಅಲ್ಲಿಗೆ ತಲುಪುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಮುಂದೆ ವೈಟ್ ಕ್ಯಾನಿಯನ್ ಪಕ್ಕದಲ್ಲೇ ಸುಮಾರು 70 ಕಿ.ಮೀ. ಏರು. ಕಡಿದಲ್ಲ, ಮುಗಿಯುವುದೂ ಇಲ್ಲ. ನ್ಯಾಚುರಲ್ ಬ್ರಿಜಸ್ ಎಂಬ ನ್ಯಾಷನಲ್ ಮಾನ್ಯುಮೆಂಟಿನ ಕವಲು 91ನೇ ಮೈಲಿಯ ಹತ್ತಿರ. ಅಲ್ಲಿಂದ ಒಳಗೆ ಆರೂವರೆ ಕಿಲೋಮೀಟರ್ ಹೋದರೆ ವಿಸಿಟರ್ ಸೆಂಟರ್, ಅಲ್ಲಿ ಕುಡಿಯುವ ನೀರು.

ಈಗ ಲೆಕ್ಕ. ಹ್ಯಾಂಕ್ಸ್‌ವಿಲ್‌ನಿಂದ ಆ ನಲ್ಲಿಗೆ 153 ಕಿ.ಮೀ. ಗಂಟೆಗೆ 20ರಂತೆ ಏಳೂವರೆ ಗಂಟೆ, ನಿಲ್ಲುವುದೆಲ್ಲ ಸೇರಿ ಎಂಟೂವರೆ. ಈ ಒಣಹವೆಯಲ್ಲಿ ಗಂಟೆಗೆ ಮುಕ್ಕಾಲು ಲೀಟರ್ ತೀರಾ ಕನಿಷ್ಠ. ಆರು ಲೀಟರ್ ದಾಟಿತು, ಬಿಸಿಲಿದ್ದರೆ ಎಂಟು. ಚೌಕಟ್ಟಿನ ಮೇಲೆ ತೊಂಬತ್ತೈದು ಸೆಂಟಿಲೀಟರಿನ ಎರಡು ಬಾಟಲಿ, ಬೆನ್ನಿಗೆ ಮೂರು ಲೀಟರಿನ ಚೀಲ ಹಾಕಿದರೂ ಐದು ಲೀಟರ್ ಆಗುವುದಿಲ್ಲ. ಎಂಟು ಲೀಟರ್ ಹೊತ್ತರೆ ಎಂಟು ಕಿಲೋ ತೂಕ. ಆಗ ನಿಮ್ಮದು ರೋಡ್ ಬೈಕ್ ಅಲ್ಲ, ಹಾಲಿನವನ ಸೈಕಲ್.

ಹೈಟ್‌ನಲ್ಲಿ ಏನಾದರೂ ಸಿಗುತ್ತದೆ ಎಂದು ನಂಬಿ ಹೊರಡಬೇಡಿ. ನಕ್ಷೆಯಲ್ಲಿ ಹೆಸರು ಇದೆ ಅಂದ ಮಾತ್ರಕ್ಕೆ ಅದು ಊರಲ್ಲ. ಹೊರಡುವ ಮುನ್ನ ರೇಂಜರ್ ಕಚೇರಿಗೆ ಫೋನ್ ಮಾಡಿ, ಅಲ್ಲಿ ಮತ್ತು ನ್ಯಾಚುರಲ್ ಬ್ರಿಜಸ್‌ನಲ್ಲಿ ನಲ್ಲಿ ತೆರೆದಿದೆಯೇ ಎಂದು ಕೇಳುವುದು ಒಂದೇ ದಾರಿ.

ಹಾಗಾಗಿ ನನ್ನ ತೀರ್ಪು: 95ಕ್ಕೆ ಕಾರು ಬೇಕು. ಬೇರೆ ಮಾತಿಲ್ಲ. ಕಾರು ನಿಮ್ಮ ಹಿಂದೆಯೇ ತೆವಳಬೇಕಾಗಿಲ್ಲ, ಅದು ಅಪಾಯ ಕೂಡ. 26ನೇ ಮೈಲಿ, ಸೇತುವೆ ದಾಟಿದ ಮೇಲೆ, ಮತ್ತೆ 70ನೇ ಮೈಲಿಯ ಸುಮಾರಿಗೆ ಕಾದು ನಿಂತರೆ ಸಾಕು. ಫೋನ್ ಸಿಗ್ನಲ್ ನಂಬುವಂತಿಲ್ಲ, ಆದ್ದರಿಂದ "ಇಷ್ಟು ಗಂಟೆಗೆ ಬರದಿದ್ದರೆ ಹಿಂದಕ್ಕೆ ಬಾ" ಎಂದು ಮೊದಲೇ ಮಾತಾಡಿಕೊಳ್ಳಿ. ನಮ್ಮ ಸವಾರಿಯಲ್ಲಿ ಗೆಳೆಯ ಡ್ರೈವರ್. ಸೇತುವೆಯಾಚೆ ಅವನು ಕಾರಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ನಾನು ಬಂದು ನಿಂತಾಗ ಬೆವರು ಆರಿ ತೋಳಿನ ಮೇಲೆ ಉಪ್ಪಿನ ಗೆರೆ ಮೂಡಿತ್ತು. ಈ ಸೀಮೆಯಲ್ಲಿ ಬೆವರು ಒದ್ದೆಯಾಗಿ ಕಾಣುವುದೇ ಇಲ್ಲ, ಹಾಗಾಗಿ ಎಷ್ಟು ಕಳೆದುಕೊಂಡೆ ಅಂತ ಗೊತ್ತಾಗುವುದೂ ಇಲ್ಲ.

ಒಂದೇ ದಿನದಲ್ಲಿ ಮುಗಿಸಬೇಕೆಂಬ ಹಟವಿಲ್ಲದಿದ್ದರೆ ನ್ಯಾಚುರಲ್ ಬ್ರಿಜಸ್‌ನಲ್ಲಿ ರಾತ್ರಿ ಕಳೆಯಿರಿ. ಟೆಂಟಿಗೆ 13 ಜಾಗಗಳಷ್ಟೇ, ಮೊದಲು ಬಂದವರಿಗೆ ಮೊದಲು. 2007ರಲ್ಲಿ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ (ರಾತ್ರಿಯ ಕಡುಗತ್ತಲೆಯ ಆಕಾಶ ಕಾಪಾಡುವ ಜಾಗ) ಆದದ್ದು ಇದೇ ಜಾಗ. ನೀರು ಮಾತ್ರ ವಿಸಿಟರ್ ಸೆಂಟರಿನಲ್ಲೇ ತುಂಬಿಸಿಕೊಂಡು ಹೋಗಬೇಕು. ಮರುದಿನ ಬ್ಲಾಂಡಿಂಗ್‌ಗೆ 60 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ಕಡಿಮೆ ಅನಿಸುತ್ತದೆ, ಅಲ್ವಾ? ನಡುವೆ ಕೋಂಬ್ ವಾಶ್‌ಗೆ ಜಾರಿ ಇಳಿದು, ಕೋಂಬ್ ರಿಜ್ ಎಂಬ ಬಂಡೆಗೋಡೆಯನ್ನು ಕಡಿದು ಮಾಡಿದ ಸೀಳಿನಲ್ಲಿ ಮತ್ತೆ ಏರಬೇಕು. ಮುಗಿಯಿತು ಅಂತ ಕಾಲು ಸಡಿಲ ಬಿಟ್ಟವರಿಗೆ ಅಲ್ಲೇ ಪಾಠ.

ಬರ್ ಟ್ರೇಲ್: ಅರ್ಧ ದಿನದಲ್ಲಿ ಪೂರ್ತಿ ರುಚಿ

ಕಾರೂ ಇಲ್ಲ, ಎರಡು ದಿನವೂ ಇಲ್ಲ ಅನ್ನುವವರಿಗೆ ಇದು. ಬೋಲ್ಡರ್‌ನಿಂದ ಪೂರ್ವಕ್ಕೆ ಹೊರಟರೆ ಕ್ಯಾಪಿಟಲ್ ರೀಫ್ ನ್ಯಾಷನಲ್ ಪಾರ್ಕಿನ ಗಡಿಯವರೆಗೆ ಸುಮಾರು 50 ಕಿ.ಮೀ. ಡಾಂಬರು. ಹೋಗಿ ಬಂದರೆ ನೂರು. ದನಕಾಯುವ ಕಾಲದ ದಾರಿ ಇದು, ಜಾನ್ ಅಟ್ಲಾಂಟಿಕ್ ಬರ್ ಎಂಬ ದನಗಾರನ ಹೆಸರು. ಲಾಂಗ್ ಕ್ಯಾನಿಯನ್ ಎಂಬ ತುಂಡಿನಲ್ಲಿ ಸುಮಾರು 11 ಕಿಲೋಮೀಟರ್ ಉದ್ದಕ್ಕೂ ಎರಡು ಕಡೆ ವಿಂಗೇಟ್ ಮರಳುಗಲ್ಲಿನ ಕೆಂಪು ಗೋಡೆ. ನನ್ನನ್ನು ಕೇಳಿದರೆ, ಮೂರು ದಾರಿಗಳಲ್ಲಿ ಸೈಕಲ್ ಮೇಲೆ ಕೂತವರಿಗೆ ಅತಿ ಚೆಂದದ ಒಂದು ಗಂಟೆ ಅದು.

ಆದರೆ ನೂರು ಕಿಲೋಮೀಟರಿಗೂ ನಲ್ಲಿ ಇಲ್ಲ. ಡೀರ್ ಕ್ರೀಕ್‌ನಲ್ಲಿ ಹೊಳೆ ಇದೆ, ಸೋಸದೆ ಕುಡಿಯುವಂತಿಲ್ಲ. ಅಂಗೈಯಲ್ಲಿ ಹಿಡಿಯುವ ಸಣ್ಣ ಫಿಲ್ಟರ್ ಇದ್ದರೆ ಒಳ್ಳೆಯದು. ಇಲ್ಲಿನ ದೊಡ್ಡ ಅನುಕೂಲ ಬೇರೆ: ಎಲ್ಲಿ ಬೇಕಾದರೂ ತಿರುಗಬಹುದು. ತಂದ ನೀರು ಮುಗಿದಾಗ ಹಿಂದಿರುಗುತ್ತೇನೆ ಅಂತ ನಿಯಮ ಮಾಡಿಕೊಂಡರೆ ತಪ್ಪು. ಅರ್ಧ ಉಳಿದಿರುವಾಗಲೇ ತಿರುಗಿ, ಏಕೆಂದರೆ ವಾಪಸು ಬರುವಾಗಲೂ ಏರುಗಳಿವೆ.

ಗಡಿ ದಾಟಿದ ಮೇಲೆ ಕಚ್ಚಾ ರಸ್ತೆ. ಪಾರ್ಕಿನೊಳಗೆ ಅದು ತಿರುವುಗಳಲ್ಲಿ ಸುಮಾರು 240 ಮೀಟರ್ ಆಳಕ್ಕೆ ಬೀಳುತ್ತದೆ. ಫೋಟೋಗಳಲ್ಲಿ ಆಕರ್ಷಕ. ತೆಳು ಟೈರಿನವರು ಅಂಚಿನಲ್ಲಿ ನಿಂತು ನೋಡಿ ಬನ್ನಿ. ಮಳೆಯಾದ ಮೇಲೆ ಆ ಮಣ್ಣು ಬ್ರೇಕಿನೊಳಗೆ ಗಾರೆಯಂತೆ ಕಟ್ಟಿಕೊಳ್ಳುತ್ತದೆ.

ಇನ್ನೂ ಎರಡು ಹೆಸರು ಕೇಳಿರಬಹುದು. ಮೋಆಬ್ ಊರಿನ ಹತ್ತಿರದ ಹೆದ್ದಾರಿ 128 ಸುಮಾರು 70 ಕಿ.ಮೀ., ಬಹುಪಾಲು ಕೊಲರಾಡೊ ನದಿಯ ಪಕ್ಕದಲ್ಲೇ ಹೋಗುತ್ತದೆ. ಚೆಂದ, ಆದರೆ ಇಕ್ಕಟ್ಟು ಮತ್ತು ಗಾಡಿ ಜಾಸ್ತಿ. ಕೊಲರಾಡೊ ನ್ಯಾಷನಲ್ ಮಾನ್ಯುಮೆಂಟಿನ ರಿಮ್ ರಾಕ್ ಡ್ರೈವ್ 37 ಕಿ.ಮೀ., ಪಕ್ಕದಲ್ಲೇ ಗ್ರಾಂಡ್ ಜಂಕ್ಷನ್ ಪಟ್ಟಣ. ಸುರಂಗಗಳಿವೆ, ಮುಂದೆ ಹಿಂದೆ ದೀಪ ಕಡ್ಡಾಯ. ತಾಲೀಮಿಗೆ ಸರಿ, ನಿರ್ಜನ ಸೀಮೆಯ ಅನುಭವ ಅಲ್ಲ.

ಯಾವ ತಿಂಗಳು, ಯಾವ ದಿಕ್ಕು

ಇದನ್ನು ಬೇರೆ ಅಂದುಕೊಳ್ಳಬೇಡಿ, ದಾರಿಯ ಆಯ್ಕೆಯ ಜೊತೆಗೇ ಅಂಟಿದೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ತಂಪು. ಕೊಲರಾಡೊ ಸೇತುವೆಗೂ ಬೋಲ್ಡರ್ ಮೌಂಟನ್ ನೆತ್ತಿಗೂ ಎತ್ತರದ ಅಂತರ 1,700 ಮೀಟರಿಗೂ ಜಾಸ್ತಿ. ಅಂದರೆ ಒಂದೇ ದಿನ, ಒಂದೇ ಹೊತ್ತಿನಲ್ಲಿ ಹತ್ತು ಹನ್ನೆರಡು ಡಿಗ್ರಿ ವ್ಯತ್ಯಾಸ. 95ಕ್ಕೆ ಹಿತವಾದ ಏಪ್ರಿಲ್‌ನಲ್ಲಿ 12ರ ಬೆಟ್ಟದಲ್ಲಿ ಹಿಮ ಇರಬಹುದು. 12ಕ್ಕೆ ಹಿತವಾದ ಜೂನ್‌ನಲ್ಲಿ ಹೈಟ್ ಬಾಣಲೆ. ನನ್ನ ಪಟ್ಟಿ ಹೀಗೆ: 95 ಏಪ್ರಿಲ್ ಅಥವಾ ಅಕ್ಟೋಬರ್, 12 ಮೇ ಕೊನೆಯಿಂದ ಜೂನ್ ಮಧ್ಯ, ಇಲ್ಲವೇ ಸೆಪ್ಟೆಂಬರ್, ಬರ್ ಟ್ರೇಲ್ ಇವೆರಡರ ನಡುವೆ ಯಾವಾಗಲಾದರೂ. ಸೆಪ್ಟೆಂಬರ್ ಕೊನೆಯಲ್ಲಿ ಬೆಟ್ಟದ ಆಸ್ಪೆನ್ ಮರಗಳು ಹಳದಿಯಾಗುತ್ತವೆ, ನಾನು ಹೋದದ್ದು ಆಗಲೇ. ನೆತ್ತಿಯಲ್ಲಿ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗದೆ ಹತ್ತು ನಿಮಿಷ ಕಂಕುಳಲ್ಲಿ ಕೈ ಇಟ್ಟುಕೊಂಡು ನಿಂತಿದ್ದೆ. ಕೈಗವಸು ಮರೆಯಬೇಡಿ.

ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಧ್ಯಾಹ್ನದ ಗುಡುಗುಮಳೆ ಬರುತ್ತದೆ. ಎಲ್ಲೋ ದೂರದಲ್ಲಿ ಸುರಿದದ್ದು ನಿಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ಒಣ ಹಳ್ಳದಲ್ಲಿ ಕೆಂಪು ನೀರಾಗಿ ನುಗ್ಗಬಹುದು. ರಸ್ತೆಯ ಮೇಲೆ ಹರಿಯುವ ನೀರಿನ ಆಳ ಕಾಣುವುದಿಲ್ಲ. ಕಾಯಿರಿ, ಸಾಮಾನ್ಯವಾಗಿ ಬಂದಷ್ಟೇ ಬೇಗ ಇಳಿಯುತ್ತದೆ.

ವಸಂತದಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. 12ನ್ನು ಪ್ಯಾಂಗ್ವಿಚ್ ಕಡೆಯಿಂದ ಟೋರಿಗೆ ಹೋದರೆ ಅದು ಬೆನ್ನಿಗೆ. ಅದಕ್ಕೇ ಆ ದಿಕ್ಕು. 95ರಲ್ಲಿ ಗಾಳಿ ಹೆಚ್ಚು ಹೊತ್ತು ಪಕ್ಕದಿಂದ, ಹಾಗಾಗಿ ನಾನು ಏರಿನ ಲೆಕ್ಕ ನೋಡಿಯೇ ಹ್ಯಾಂಕ್ಸ್‌ವಿಲ್‌ನಿಂದ ಹೊರಟೆ.

ಸೈಕಲ್ ಬಗ್ಗೆ ಸ್ವಲ್ಪ

ಗೇರು: ಮುಂದೆ 34 ಹಲ್ಲು, ಹಿಂದೆ 34. ಇಷ್ಟು ಹಗುರ ಗೇರಿಗೆ ನಾಚಿಕೆ ಬೇಡ. ಟೈರು 28 ಮಿಲಿಮೀಟರಿಗೆ ಕಡಿಮೆ ಬೇಡ, ಬರ್ ಟ್ರೇಲ್‌ಗೆ 32 ಇದ್ದರೆ ಕೈಗೆ ಸುಖ. ಟ್ಯೂಬೋ ಟ್ಯೂಬ್‌ಲೆಸ್ಸೋ ಅಂತ ಕೇಳಿದರೆ ಇಲ್ಲಿ ಟ್ಯೂಬ್‌ಲೆಸ್, ಅದಕ್ಕೆ ಕಾರಣ ಒಂದು ಮುಳ್ಳು. ಅಲ್ಲಿನವರು ಗೋಟ್‌ಹೆಡ್ ಅನ್ನುವ ಅದು ನಮ್ಮ ನೆಗ್ಗಿಲು ಮುಳ್ಳೇ, ಅದೇ ಗಿಡ. ಹೊಲದಲ್ಲಿ ಬರಿಗಾಲಿಗೆ ಚುಚ್ಚಿಸಿಕೊಂಡವರಿಗೆ ವಿವರಿಸಬೇಕಾಗಿಲ್ಲ. ಊರಂಚಿನಲ್ಲಿ, ರಸ್ತೆಬದಿಯ ಮಣ್ಣಿನಲ್ಲಿ ಇರುತ್ತದೆ. ನೀರು ಕುಡಿಯಲು ನಿಲ್ಲುವಾಗ ಸೈಕಲ್ಲನ್ನು ಡಾಂಬರಿನಿಂದ ಕೆಳಗೆ ಉರುಳಿಸಬೇಡಿ, ಎತ್ತಿ ಇಡಿ. ಟ್ಯೂಬ್‌ಲೆಸ್ ಇದ್ದರೂ ಒಂದೆರಡು ಟ್ಯೂಬ್ ಮತ್ತು ಪಂಪ್ ಬೇಕೇ ಬೇಕು.

ದನ ದಾಟದಂತೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಸರಳು ಜೋಡಿಸಿದ ಕ್ಯಾಟಲ್ ಗಾರ್ಡ್‌ಗಳು ಸಿಗುತ್ತವೆ. ಇಳಿಜಾರಿನಲ್ಲಿ ಬಂದರೆ ಗಾಬರಿಯಾಗಿ ಸರಳಿನ ಮೇಲೆ ಬ್ರೇಕ್ ಹಾಕಬೇಡಿ. ಮುಂಚೆಯೇ ವೇಗ ಇಳಿಸಿ, ಹ್ಯಾಂಡಲ್ ನೇರ ಇಟ್ಟು, ಸೀಟಿನಿಂದ ಸ್ವಲ್ಪ ಎದ್ದು ದಾಟಿ. ಒದ್ದೆಯಾಗಿದ್ದರೆ ಇಳಿದು ನಡೆಯಿರಿ. ಕ್ಯಾಟಲ್ ಗಾರ್ಡ್ ಇದೆ ಅಂದರೆ ಆಚೆ ದನಗಳು ರಸ್ತೆಯಲ್ಲೇ ನಿಂತಿರಬಹುದು ಎಂಬ ಸೂಚನೆಯೂ ಹೌದು.

ಒಬ್ಬರೇ ಹೋಗುವವರಿಗೆ ಗಾರ್ಮಿನ್ ಇನ್‌ರೀಚ್ ತರಹದ ಉಪಗ್ರಹ ಸಾಧನ ಬೇಕು. 12ರಲ್ಲಿ ಅದು ಇದ್ದರೆ ಒಳ್ಳೆಯದು, 95ರಲ್ಲಿ ಇಲ್ಲದೆ ಹೊರಡಬಾರದು.

ಹೋಗುವುದು ಸರಿ, ವಾಪಸು ಬರುವುದು?

12 ಮತ್ತು 95 ಎರಡೂ ಒಂದು ತುದಿಯಿಂದ ಇನ್ನೊಂದು ತುದಿಗೆ. ಬಸ್ಸು ನೆಚ್ಚಿಕೊಳ್ಳುವಂತಿಲ್ಲ. ಲಾಸ್ ವೇಗಸ್‌ನಿಂದ ಬ್ರೈಸ್‌ಗೆ ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಅಲ್ಲಿಂದ ಬರುವ ಕೆಲವರು ಜಯಾನ್ ಪಾರ್ಕಿನಿಂದಲೇ ಸೈಕಲ್ ಹತ್ತೋಣ ಅಂದುಕೊಳ್ಳುತ್ತಾರೆ. ಜಯಾನ್–ಮೌಂಟ್ ಕಾರ್ಮೆಲ್ ಸುರಂಗ 1.8 ಕಿ.ಮೀ. ಉದ್ದ, 1930ರದು, ಅದರೊಳಗೆ ಸೈಕಲ್ ಬಿಡುವುದಿಲ್ಲ. ಯಾರಾದರೂ ಪಿಕಪ್ ಟ್ರಕ್ಕಿನವರನ್ನು ಕೇಳಿಕೊಂಡು ದಾಟಬೇಕು.

ಎರಡನ್ನೂ ಸೇರಿಸುವ ಆಸೆ ಇದ್ದರೆ ಟೋರಿಯಿಂದ ಹೆದ್ದಾರಿ 24 ಹಿಡಿದು 77 ಕಿ.ಮೀ. ಹೋದರೆ ಹ್ಯಾಂಕ್ಸ್‌ವಿಲ್. ನಡುವೆ ಕ್ಯಾಪಿಟಲ್ ರೀಫ್‌ನ ಫ್ರೂಟಾ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಹಳೇ ರೈತರು ನೆಟ್ಟ ಹಣ್ಣಿನ ತೋಟಗಳು, ನೀರು, ನೆರಳು. ನಾಲ್ಕೈದು ದಿನದ ಸವಾರಿ ಆಗುತ್ತದೆ. ವಾರದ ಲೆಕ್ಕ ಮಾತ್ರ ನೋಡಿಕೊಳ್ಳಿ. ಈ ಸೀಮೆಯ ಸಣ್ಣ ಊರುಗಳಲ್ಲಿ ಭಾನುವಾರ ಅನೇಕ ಅಂಗಡಿಗಳು ಬಾಗಿಲು ತೆಗೆಯುವುದಿಲ್ಲ. ಇದು ಗೊತ್ತಿಲ್ಲದೆ ನಾನು ಒಂದು ಊರಿಗೆ ಭಾನುವಾರ ಮಧ್ಯಾಹ್ನ ಖಾಲಿ ಬಾಟಲಿ, ಖಾಲಿ ಹೊಟ್ಟೆಯಲ್ಲಿ ಬಂದಿಳಿದೆ. ಒಂದು ಚರ್ಚಿನ ಹಿಂದಿನ ಹುಲ್ಲಿಗೆ ನೀರು ಬಿಡುವ ಪೈಪು ಸಿಕ್ಕಿತು. ರಾತ್ರಿ ಊಟಕ್ಕೆ ಚೀಲದ ತಳದಲ್ಲಿದ್ದ ಕಡಲೆಕಾಯಿ ಬೆಣ್ಣೆ, ಅರ್ಧ ಪುಡಿಯಾದ ಬಿಸ್ಕತ್ತು. ಸೋಮವಾರ ಬೆಳಿಗ್ಗೆ ಅಂಗಡಿಯವರು ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದೆ.